ಮಿಥುನ ರಾಶಿ ಬಿಟ್ಟು ಹೋಗದ ಗ್ರಹ

ಶನಿಯ ಕಾಟವಿದ್ದರೆ ಎಳ್ಳು ದಾನ ಕೊಡುತ್ತಾರೆ. ರಾಹುವಿಗೆ ಉದ್ದು, ಕುಜನಿಗೆ ತೊಗರಿ. ವಿಠ್ಠಲನ ಕಾಟಕ್ಕೆ ಏನು ಕೊಡಬೇಕೆಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಆ ವಿಠ್ಠಲ ನಾನೇ.

ಹಿರೇಕೆರೂರಿನ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಲ್ಯಾಬ್ ಅಸಿಸ್ಟಂಟ್ ಆಗಿದ್ದೇನೆ. ಹುಡುಗರ ಕೈಗೆ ಪಿಪೆಟ್ಟು ಕೊಡುವುದು, ಒಡೆದ ಮೇಲೆ ಬೈಯುವುದು, ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಸಾಹೇಬರಿಗೆ ಚಹಾ ತರಿಸುವುದು, ಇಷ್ಟೇ ನನ್ನ ವಿಜ್ಞಾನ. ಊರಲ್ಲಿ ನನ್ನನ್ನು ಯಾರೂ ಸರ್ ಎಂದವರಲ್ಲ, ರಾಯರೆಂದವರೂ ಅಲ್ಲ. ‘ಲ್ಯಾಬಿನ ವಿಠ್ಠಲ’ ಎಂದರೆ ಎಲ್ಲರಿಗೂ ಗೊತ್ತು. ಆ ಹೆಸರಿನ ಬಗ್ಗೆ ನನಗೇನೂ ಬೇಸರವಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಬೇಸರವಿಲ್ಲದವನು ಅಷ್ಟು ಸಲ ಯಾಕೆ ಹೇಳುತ್ತಾನೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಐದಾರು ವರ್ಷದ ಹಿಂದೆ ನನಗೆ ಆಕಾಶದ ಹುಚ್ಚು ಹಿಡಿಯಿತು. ಹಳೆಯದೊಂದು ದುರ್ಬೀನು, ಅದರ ಬೆನ್ನಿಗೆ ಒಂದು ಕ್ಯಾಮೆರಾ, ಆಕಾಶ ತಿರುಗಿದ ಹಾಗೆ ತಾನೂ ನಿಧಾನ ತಿರುಗುವ ಒಂದು ಮೋಟಾರು. ಮೊದಲು ಚಂದ್ರನನ್ನು ಹಿಡಿದೆ, ಆಮೇಲೆ ಗುರುವನ್ನು. ಈ ವರ್ಷ ಚಳಿಗಾಲದಲ್ಲಿ ಸೊಕ್ಕು ಬಂದು, ಮಿಥುನ ರಾಶಿಯಲ್ಲಿರುವ ಬಹಳ ಮಸಕಾದ ಒಂದು ಗ್ರಹ ನೀಹಾರಿಕೆಗೆ ಕೈ ಹಾಕಿದೆ.

ಮುಂದಿನ ಅನರ್ಥಕ್ಕೆಲ್ಲ ಈ ಹೆಸರೇ ಕಾರಣವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಪ್ಪಾದ ನಕ್ಷತ್ರವೊಂದು ಸಾಯುವ ಕಾಲಕ್ಕೆ ತನ್ನ ಮೈಮೇಲಿನ ಅನಿಲವನ್ನೆಲ್ಲ ಹೊರಗೆ ಬಿಡುತ್ತದೆ. ಅದು ಸುತ್ತಲೂ ಹೊಗೆಯ ಹಾಗೆ ಹರಡಿ ಮಿಣುಕುತ್ತದೆ. ಹಿಂದಿನವರು ಸಣ್ಣ ದುರ್ಬೀನಿನಲ್ಲಿ ಇಂಥವನ್ನು ನೋಡಿ, ಗುಂಡಗಿವೆ, ಗ್ರಹದ ಹಾಗಿವೆ ಎಂದುಕೊಂಡು ಗ್ರಹ ನೀಹಾರಿಕೆ ಎಂದು ಕರೆದುಬಿಟ್ಟರು. ಕರಿಬೇವಿನಲ್ಲಿ ಬೇವು ಎಷ್ಟಿದೆಯೋ ಗ್ರಹ ನೀಹಾರಿಕೆಯಲ್ಲಿ ಗ್ರಹ ಅಷ್ಟೇ ಇದೆ. ಮತ್ತೆ ಇದನ್ನು ಕಂಡುಹಿಡಿದವನೂ ನಾನಲ್ಲ. ನಾನು ಹುಟ್ಟುವ ಮೊದಲೇ ಯಾರೋ ಕಂಡು, ನಂಬರು ಕೊಟ್ಟು ಪಟ್ಟಿಗೆ ಸೇರಿಸಿದ್ದಾರೆ.

ಊರಿನ ದೀಪಗಳ ಬೆಳಕಿನಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ಪಕ್ಕದ ಮನೆಯ ಕರಬಸಪ್ಪನವರ ಅಬಲೂರಿನ ಹೊಲದಲ್ಲಿ ದುರ್ಬೀನು ಹೂಡಿದೆ. ಕರಬಸಪ್ಪನವರು ಗೋವಿನಜೋಳದ ವ್ಯಾಪಾರಿ. ಕಾಳನ್ನು ಹಲ್ಲಿಗೆ ಹಾಕಿ ಕಡಿದು ಅದರಲ್ಲಿ ತೇವ ಎಷ್ಟಿದೆ ಎಂದು ಹೇಳುವ ಮನುಷ್ಯ. ಕಣ್ಣಿಗೆ ಕಾಣದ್ದರ ಫೋಟೋ ಹೊಡೆಯುವವನ ಮೇಲೆ ಅವರಿಗೆ ಅನುಮಾನ ಸಹಜ. ಮೊದಲ ಸಂಜೆ ಅವರು ಬಂದಾಗ ನಾನು ದುರ್ಬೀನಿನ ಬಾಯಿಗೆ ನನ್ನ ಬಿಳಿ ಪಂಚೆ ಬಿಗಿದು ಫೋಟೋ ತೆಗೆಯುತ್ತಿದ್ದೆ. ಗಾಜಿನ ಮೇಲಿನ ಧೂಳಿನ ಕಲೆಗಳನ್ನು ಹೀಗೆ ಹಿಡಿದಿಟ್ಟುಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬೇಕು. ಅದಾದ ಮೇಲೆ ಮುಚ್ಚಳ ಹಾಕಿ ಇನ್ನಷ್ಟು ತೆಗೆದೆ. ಕ್ಯಾಮೆರಾ ಕತ್ತಲೆಯಲ್ಲೂ ತಾನಾಗಿ ಹುಟ್ಟಿಸುವ ಚುಕ್ಕೆಗಳನ್ನು ಅಳಿಸುವುದಕ್ಕೆ ಅವು ಬೇಕು.

“ವಿಠ್ಠಲಣ್ಣ, ಮುಚ್ಚಳಾ ತಗಿಯೂದ ಮರತೀರಿ,” ಎಂದರು ಕರಬಸಪ್ಪ.

“ಮರತಿಲ್ರಿ. ಕತ್ತಲೀದ ಫೋಟೋ ತಗೀಲಿಕ್ಕತ್ತೇನಿ.”

“ಮದ್ಲ ಪಂಚೇದು ತಗದ್ರಿ. ಈಗ ಕತ್ತಲೀದು ತಗ್ಯಾಕತ್ತೀರಿ. ಇನ್ನ ಆಕಾಶದ್ದು ಯಾವಾಗ್ರಿ, ಬರೂ ವರ್ಷನ?”

ಹನ್ನೊಂದು ಸಂಜೆ ಹೋದೆ. ಕ್ಯಾಮೆರಾದ ಕಣ್ಣನ್ನು ಐದೈದು ನಿಮಿಷ ತೆರೆದಿಟ್ಟು ತೆಗೆದ ಇನ್ನೂರಿಪ್ಪತ್ತು ಫೋಟೋ ಸಿಕ್ಕವು. ಒಂದೊಂದನ್ನೇ ನೋಡಿದರೆ ಕರಿಹಲಗೆ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ, ಕಪ್ಪಿಗೂ ಬೂದಿಗೂ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸವನ್ನು ಹಿಗ್ಗಿಸುತ್ತ ಹೋಗಬೇಕು. ಹಿಗ್ಗಿಸಿದಷ್ಟೂ ಇದ್ದದ್ದು ಕಾಣುತ್ತದೆ. ಇನ್ನೂ ಹಿಗ್ಗಿಸಿದರೆ ಇಲ್ಲದ್ದೂ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಇದರ ವಿದ್ಯೆ. ಫೋಟೋದ ಮಟ್ಟಿಗೆ ಆ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ಭಾನುವಾರ ಊಟದ ಮೇಜು ಬಿಡದೆ ಕೂತ ಮೇಲೆ ಅರ್ಧಚಂದ್ರದ ಹಾಗೆ ಒಂದು ಬೂದು ಹೊಗೆ ಎದ್ದಿತು. ನನ್ನ ಹೆಂಡತಿ ವೃಂದಾ ಸೌಟು ಹಿಡಿದುಕೊಂಡೇ ಬಂದು ನೋಡಿದಳು.

“ಏನ್ರಿ ಇದು, ಹಾಲು ಒಡದಂಗ ಕಾಣ್ತದ. ಸ್ವಲ್ಪ ಕೆಂಪರೆ ಮಾಡ್ರಿ.”

ಕ್ಯಾಮೆರಾ ನಿಜವಾಗಿಯೂ ಒಂದಿಷ್ಟು ಕೆಂಪು, ಒಂದಿಷ್ಟು ಹಸಿರುನೀಲಿ ಹಿಡಿದಿತ್ತು. ನಾನು ಅಂಚಿನ ಕೆಂಪನ್ನು ಕುಂಕುಮದಷ್ಟು ಏರಿಸಿದೆ, ನಡುವಿನದನ್ನು ನವಿಲುಬಣ್ಣಕ್ಕೆ ತಂದೆ. “ಈಗ ಛಂದ ಆತು” ಎಂದು ವೃಂದಾ ಒಳಗೆ ಹೋದಳು.

ಆ ಹೊತ್ತಿಗೆ ಮನೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಡೆದಿತ್ತು. ನನ್ನ ಅಕ್ಕ ಯಮುನಾಬಾಯಿ ಗಂಡ ತೀರಿಕೊಂಡ ಮೇಲೆ ಮಗಳು ಶ್ರೀವಿದ್ಯಾಳನ್ನು ಕರೆದುಕೊಂಡು ನಮ್ಮ ಮನೆಯ ಹಿಂದಿನ ಭಾಗದಲ್ಲೇ ಇದ್ದಾಳೆ. ಶ್ರೀವಿದ್ಯಾ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ವಯಸ್ಸು ಮೂವತ್ತೆರಡು. ನನಗೆ ಮಕ್ಕಳಿಲ್ಲ, ಅವಳೇ ಮಗಳು. ಒಂಬತ್ತು ಕಡೆ ಜಾತಕ ಕೂಡದೆ ಹತ್ತನೆಯದು ಕೂಡಿತ್ತು. ಸವಣೂರಿನ ಸುಶೀಂದ್ರಾಚಾರ್ಯರ ಮಗ ಸುಯಮೀಂದ್ರ, ಔಷಧಿ ಅಂಗಡಿ ಇಟ್ಟವನು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಮುಂದಿನ ವಾರದ ಬುಧವಾರ ನಿಶ್ಚಯವೆಂದು ಮಾತಾಗಿತ್ತು. ಶ್ರೀವಿದ್ಯಾ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ಎಷ್ಟೋ ವರ್ಷದ ಮೇಲೆ ಕೇಳಿದ್ದೆ.

ಇಂಥ ಹೊತ್ತಿನಲ್ಲಿ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಫಕ್ಕೀರೇಶನ ಝೆರಾಕ್ಸ್ ಅಂಗಡಿಗೆ ಹೋದೆ. ಫಕ್ಕೀರೇಶ ಅದೇ ಅಂಗಡಿಯಲ್ಲಿ ಕೂತು ನಾಲ್ಕು ಪುಟದ ವಾರಪತ್ರಿಕೆಯನ್ನೂ ನಡೆಸುತ್ತಾನೆ.

“ಏನ್ರಿ ಇದು?” ಎಂದ.

“ಗ್ರಹ ನೀಹಾರಿಕೆ. ನಾನ ತಗದದ್ದು.”

ಫಕ್ಕೀರೇಶ ಪೆನ್ನು ತೆಗೆದ. “ಗ್ರಹ ತಿಳೀತು. ನೀಹಾರಿಕಾ ಅಂದ್ರ ನಿಮ್ಮ ಮಗಳೇನ್ರಿ?”

“ಅಲ್ಲೋ ಮಾರಾಯಾ, ನೀಹಾರಿಕೆ ಅಂದ್ರ...” ಎನ್ನುವಷ್ಟರಲ್ಲಿ ಆಧಾರ್ ಕಾರ್ಡಿನ ಝೆರಾಕ್ಸಿಗೆ ನಾಲ್ಕು ಜನ ನುಗ್ಗಿದರು. ಫಕ್ಕೀರೇಶ ಯಂತ್ರದ ಮುಚ್ಚಳ ಎತ್ತುತ್ತ, “ಹೆಣ್ಣಮಕ್ಕಳ ಹೆಸರು ಪೇಪರಿನ್ಯಾಗ ಬ್ಯಾಡ್ರಿ, ಆಮ್ಯಾಲೆ ತಕರಾರ ಬರ್ತಾವು. ತಗದಬಿಡ್ತೇನಿ,” ಎಂದ. ಏನನ್ನು ತೆಗೆಯುತ್ತಾನೆಂದು ನಾನು ಕೇಳಲಿಲ್ಲ. ಪ್ರಿಂಟ್ ಚೆನ್ನಾಗಿ ಬಂದಿತ್ತು, ಅದನ್ನೇ ನೋಡುತ್ತ ನಿಂತಿದ್ದೆ.

ಗುರುವಾರ ಪತ್ರಿಕೆ ಬಂತು. ಮೊದಲ ಪುಟದಲ್ಲಿ ನನ್ನ ಫೋಟೋ, ಅದರ ಕೆಳಗೆ ಕುಂಕುಮ, ನವಿಲುಬಣ್ಣದ ಆ ಹೊಗೆ. ಮೇಲೆ ಹೆಬ್ಬೆರಳು ದಪ್ಪದ ಅಕ್ಷರ: ‘ಹಿರೇಕೆರೂರಿನ ವಿಠ್ಠಲರಾಯರಿಂದ ಹತ್ತನೇ ಗ್ರಹ ಪತ್ತೆ!’

ತಿದ್ದಿಸಬೇಕೆಂದು ಚಪ್ಪಲಿ ಮೆಟ್ಟಿ ಹೊರಟೆ. ಇದು ಸತ್ಯ. ಆದರೆ ಮೂಲೆಯ ಪಾನಂಗಡಿಯವನು “ರಾಯರ, ನಮಸ್ಕಾರ್ರಿ” ಎಂದ. ಬಸ್‌ಸ್ಟ್ಯಾಂಡಿನ ಹತ್ತಿರ ಪ್ರಿನ್ಸಿಪಾಲರು ಸ್ಕೂಟರ್ ನಿಲ್ಲಿಸಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನಗೆ ಕೈ ಕೊಟ್ಟರು. ಅಂಗಡಿ ಮುಟ್ಟುವುದರೊಳಗೆ ಐದು ಸಲ ರಾಯರು, ಎರಡು ಸಲ ಸರ್ ಆಗಿದ್ದೆ. ಫಕ್ಕೀರೇಶ ನನ್ನನ್ನು ಕಂಡದ್ದೇ ಎದ್ದು ನಿಂತು, “ರವಿವಾರ ಸಂಜಿಗೆ ನಿಮ್ಮ ನಾಗರಿಕ ಸತ್ಕಾರ ಇಟ್ಟೇವ್ರಿ. ಶಾಲು, ಹಾರ, ಮೈಕು, ಎಲ್ಲಾ ಆಗೇತಿ,” ಎಂದ. ಈಗ ತಪ್ಪೆಂದು ಹೇಳಿದರೆ ಪಾಪ ಹುಡುಗನ ಮಾನ ಹೋಗುತ್ತದಲ್ಲ ಎನಿಸಿತು. ಪರರ ಮಾನದ ಮೇಲೆ ನನಗೆ ಅಷ್ಟು ಕಾಳಜಿ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

ಶುಕ್ರವಾರಕ್ಕೆ ಗ್ರಹ ನನ್ನ ಕೈ ಮೀರಿತು. ಕರಬಸಪ್ಪನವರು ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತರು.

“ರಾಯರ, ನವಗ್ರಹಕ್ಕ ನವಧಾನ್ಯ ಐತಿ. ಈ ಹತ್ತನೇದಕ್ಕ ಯಾವ ಧಾನ್ಯ?”

“ಹಂಗೇನಿಲ್ರಿ ಇದಕ್ಕ.”

“ಹೆಂಗ ಇಲ್ಲಂತೀರಿ? ನಮ್ಮ ಗೋವಿನಜೋಳ ನವಧಾನ್ಯದಾಗ ಐತೇನು? ಇಲ್ಲ. ಯಾಕ ಇಲ್ಲ? ತನ್ನ ಗ್ರಹದ ದಾರಿ ಕಾಯಾಕತ್ತಿತ್ತು! ಅದೂ ನಮ್ಮ ಹೊಲದಾಗ ಸಿಕ್ಕೈತಿ. ಇನ್ನೇನ ಸಾಕ್ಷಿ ಬೇಕ್ರಿ ನಿಮಗ?”

ಮಧ್ಯಾಹ್ನದ ಹೊತ್ತಿಗೆ ನವಗ್ರಹ ಗುಡಿಯ ಮೂಲೆಯಲ್ಲಿ ಯಾರೋ ಮುಷ್ಟಿ ಮುಷ್ಟಿ ಗೋವಿನಜೋಳ ಇಟ್ಟು ಹೋಗಿದ್ದರು. ಸಂಜೆ ಬಟ್ಟೆ ಅಂಗಡಿಯ ಇಸ್ಮಾಯಿಲಸಾಬರು ಪತ್ರಿಕೆಯ ಫೋಟೋವನ್ನು ಬೆಳಕಿಗೆ ಹಿಡಿದು ನನ್ನನ್ನು ಕೇಳಿದರು. “ರಾಯರ, ಶನಿಗೆ ಕರೀದು, ಗುರುವಿಗೆ ಹಳದಿ ಒಯ್ತಾರ್ರಿ. ಈ ನಿಮ್ಮ ಗ್ರಹದ್ದು ಖಾಸ್ ಇದ ಬಣ್ಣ ಏನ್ರಿ? ಕೆಂಪು ಅಂಚು, ನವಿಲ ಮೈ?”

ಇದು ನನ್ನ ಹೆಂಡತಿ ಹೇಳಿದ ಬಣ್ಣ ಎಂದು ಹೇಗೆ ಹೇಳಲಿ. “ಹೆಚ್ಚು ಕಡಿಮಿ ಹಂಗ ಅನ್ರಿ,” ಎಂದೆ. ಮರುದಿನ ಅವರ ಅಂಗಡಿಯ ಮುಂದೆ ಕೆಂಪಂಚಿನ ನವಿಲುಬಣ್ಣದ ಕುಪ್ಪಸದ ಖಣಗಳು ತೂಗಾಡುತ್ತಿದ್ದವು. ಮೇಲೆ ಚೀಟಿ: ‘ಗ್ರಹದ ಖಣ’. ಎಷ್ಟೋ ವರ್ಷದಿಂದ ಹೋಗದೆ ಉಳಿದ ಮಾಲು ಎರಡು ತಾಸಿನಲ್ಲಿ ಖಾಲಿಯಾಯಿತಂತೆ.

ಇಲ್ಲಿಯವರೆಗೆ ನಗಬಹುದು. ಮುಂದಿನದನ್ನು ನೆನೆಸಿಕೊಂಡರೆ ನನಗೆ ನಗು ಬರುವುದಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಹುಡುಗನ ತಂದೆ ಸುಶೀಂದ್ರಾಚಾರ್ಯರು ಸವಣೂರಿನಿಂದ ಬಂದರು. ಕೈಯಲ್ಲಿ ಫಕ್ಕೀರೇಶನ ಪತ್ರಿಕೆ. ಪಡಸಾಲೆಯಲ್ಲಿ ಆಗಲೇ ಫಕ್ಕೀರೇಶ, ಕರಬಸಪ್ಪ ಇಬ್ಬರೂ ಸತ್ಕಾರದ ಆಮಂತ್ರಣ ತೋರಿಸುತ್ತ ಕೂತಿದ್ದರು. ಆಚಾರ್ಯರು ಮೆತ್ತಗಿನ ಮನುಷ್ಯ. ಚಹಾದ ಕಪ್ಪು ಕೈಗೆತ್ತಿಕೊಂಡು, “ಅಭಿನಂದನೆ ರಾಯರ. ಒಂದು ಸಣ್ಣ ಸಂಶಯ ಅದ. ಈ ಗ್ರಹ ಸದ್ಯ ಯಾವ ರಾಶಿಯೊಳಗ ಅದ?” ಎಂದರು.

“ಮಿಥುನದೊಳಗ್ರಿ.”

“ನಕ್ಷತ್ರ?”

“ಪುನರ್ವಸು. ಮೂರನೇ ಪಾದ ಅನಬಹುದು.”

ಆಚಾರ್ಯರು ಕಪ್ಪನ್ನು ಕೆಳಗಿಟ್ಟರು. ಶ್ರೀವಿದ್ಯಾ ಹುಟ್ಟಿದ್ದು ಪುನರ್ವಸು ಮೂರನೇ ಪಾದ, ಮಿಥುನ ರಾಶಿ. ಅವಳ ಜಾತಕ ಬರೆಸಿದವನೇ ನಾನು. ಆದರೆ ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಶಾಲಿನ ಬಣ್ಣ ಯಾವುದಿರಬಹುದು ಎನ್ನುವುದು ಮಾತ್ರ ಇತ್ತು.

“ಶನಿ ಎರಡೂವರಿ ವರ್ಷಕ್ಕ ರಾಶಿ ಬಿಡತಾನ. ರಾಹು ಒಂದೂವರಿಗೆ. ಇದು ಮಿಥುನ ಬಿಟ್ಟು ಎಂದು ಹೋಗತದ?”

“ಬಿಡೂದ ಇಲ್ರಿ!” ಎಂದೆ, ಎದೆ ಉಬ್ಬಿಸಿ. “ಸಾವಿರಾರು ವರ್ಷದಿಂದ ಅಲ್ಲೇ ಅದ.”

“ಬಿಡೂದ ಇಲ್ಲ,” ಎಂದು ಆಚಾರ್ಯರು ನಿಧಾನ ಹೇಳಿಕೊಂಡರು. “ಸ್ವಭಾವ ಹೆಂಗ ಅದರದು? ಸೌಮ್ಯ ಏನು?”

“ಸಾಯೋ ನಕ್ಷತ್ರದ್ದರಿ. ಮೈಮ್ಯಾಲಿಂದು ಎಲ್ಲಾ ಕಳಕೊಂಡು ಕಡೀಕ ಏನೂ ಉಳಿಯೂದಿಲ್ಲ.”

“ಶಾಂತಿ ಏನರೆ ಅದ?”

ನಾನು ಬಾಯಿ ತೆರೆಯುವ ಮೊದಲೇ ಕರಬಸಪ್ಪ, “ಗೋವಿನಜೋಳ ಐತ್ರಿ! ಚೊಲೋ ಒಣಗಿದ್ದು ಕೊಡ್ತೇನಿ,” ಎಂದರು.

ಆಚಾರ್ಯರು ನನ್ನ ಮುಖವನ್ನೇ ನೋಡಿದರು. ಇದೆಲ್ಲ ಸುಳ್ಳು, ಇದು ಗ್ರಹವಲ್ಲ ಎಂದು ನಾನು ಹೇಳುತ್ತೇನೆಂದು ಕಾಯುತ್ತಿದ್ದರೇನೋ, ಈಗ ಹಾಗನ್ನಿಸುತ್ತದೆ. ಎದುರಿಗೆ ಫಕ್ಕೀರೇಶ ಕೂತಿದ್ದ, ಅವನ ತೊಡೆಯ ಮೇಲೆ ಇನ್ನೂರು ಆಮಂತ್ರಣವಿತ್ತು, ಒಂದೊಂದರ ಮೇಲೂ ‘ಗ್ರಹ ಶೋಧಕ’ ಎಂದಿತ್ತು. ನಾನು ಮುಗುಳ್ನಕ್ಕೆ. ಆಚಾರ್ಯರು ಎದ್ದರು. “ಬುಧವಾರದ್ದು ಸ್ವಲ್ಪ ಮುಂದ ಹಾಕೋಣು. ಮನ್ಯಾಗ ಮಾತಾಡಿ ತಿಳಸ್ತೇನಿ,” ಎಂದು ಹೊರಟೇಬಿಟ್ಟರು. ಚಹಾ ಹಾಗೆಯೇ ಉಳಿಯಿತು.

ಬಂದವರೆಲ್ಲ ಹೋದ ಮೇಲೆ ಅಕ್ಕ ಒಳಗಿನಿಂದ ಬಂದಳು. “ವಿಠ್ಠಲಾ, ಅವರು ಯಾಕ ಹಂಗ ಎದ್ದು ಹೋದ್ರು?” ಎಂದವಳಿಗೆ ಉತ್ತರ ಕೊಟ್ಟದ್ದು ವೃಂದಾ.

“ಇವರು ಹುಡುಗಿ ತಲೀ ಮ್ಯಾಲೆ ಕಾಯಂ ಒಂದು ಗ್ರಹ ಕೂಡ್ಸಿ ಕಳಸ್ಯಾರ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಹಾವೇರಿ ಬಸ್ಸು ಇನ್ನೂ ನಿಂತಿರತದ. ಓಡ್ರಿ. ಬಸ್ಸಿನೊಳಗ ಅವರ ಬಾಜೂಕ ಕೂತು ಹೇಳ್ರಿ, ಅದು ಗ್ರಹ ಅಲ್ಲ, ನಾ ಕಂಡುಹಿಡದದ್ದೂ ಅಲ್ಲ ಅಂತ.”

“ನಾಳೆ ಸತ್ಕಾರ ಅದ ಅಲ್ಲ. ಇವತ್ತ ಹೇಳಿದ್ರ ಅದು ಊರೆಲ್ಲಾ ಆಗತದ. ಸೋಮವಾರ ಮುಂಜಾನೆ ನಾನ ಸವಣೂರಿಗೆ ಹೋಗಿ ಹೇಳಿ ಬರ್ತೇನಿ. ಎರಡ ದಿವಸದೊಳಗ ಏನಾಗತದ?”

ವೃಂದಾ ಉಳಿದ ಚಹಾವನ್ನು ಬಚ್ಚಲಿಗೆ ಚೆಲ್ಲಿದಳು.

ಸತ್ಕಾರ ಭರ್ಜರಿಯಾಯಿತು. ಶಾಲು ಕೇಸರಿ ಬಣ್ಣದ್ದು. ಹಾರ ನನ್ನ ಕಿವಿಯವರೆಗೆ ಬಂತು. ಭಾಷಣ ಮಾಡಿದವರೊಬ್ಬರು ಈ ಗ್ರಹಕ್ಕೆ ತಾಲ್ಲೂಕಿನ ಹೆಸರನ್ನೇ ಇಡಬೇಕೆಂದು ಸರ್ಕಾರವನ್ನು ಒತ್ತಾಯಿಸಿದರು. ನನ್ನ ಕೈಗೆ ಮೈಕು ಬಂದಾಗ ಸತ್ಯ ನಾಲಗೆಯ ತುದಿಯಲ್ಲಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಚಪ್ಪಾಳೆ ತಟ್ಟುತ್ತಿದ್ದರು. “ಸಂಶೋಧನೆ ಇನ್ನೂ ಮುಂದುವರಿದಿದೆ” ಎಂದು ಕೂತುಬಿಟ್ಟೆ. ನಮ್ಮ ಮನೆಯಿಂದ ಯಾರೂ ಬಂದಿರಲಿಲ್ಲ.

ಸೋಮವಾರ ಮೊದಲ ಬಸ್ಸು ಹಿಡಿದು, ಹಾವೇರಿಯಲ್ಲಿ ಬದಲಿಸಿ, ಹತ್ತು ಗಂಟೆಗೆ ಸವಣೂರಿನ ಆಚಾರ್ಯರ ಮನೆ ಮುಟ್ಟಿದೆ. ಕರಿಬೇವಿನ ಉದಾಹರಣೆ ಸಹಿತ ಎಲ್ಲವನ್ನೂ ಹೇಳಿದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ, ಅವರು ಒಂದೇ ಮಾತಿಗೆ ನಂಬಿದರು.

“ಹಂಗೇನು. ಗ್ರಹನ ಅಲ್ಲ,” ಎಂದರು. “ಇಷ್ಟ ಮಾತು ಶನಿವಾರ ಆಡಿದ್ರ ನಾನು ಚಹಾ ಕುಡದು ಬರ್ತಿದ್ದೆ ರಾಯರ.”

“ಈಗ ಏನಾತ್ರಿ? ಬುಧವಾರ ಇನ್ನೂ ದೂರ ಅದ.”

“ಹಾನಗಲ್ಲಿನವರು ಮೊದಲಿಂದ ಕೇಳ್ಲಿಕ್ಕತ್ತಿದ್ರು. ಇನ್ನೊಂದು ಕಡೆ ನೋಡೇವಿ ಅಂತ ತಡದಿದ್ದೆ. ನಿನ್ನೆ ದಿವಸ ಛಲೋ ಇತ್ತು, ಅವರು ಬಂದ್ರು. ನಮ್ಮ ಮನಿಯಾಕಿ ಹಠ ಹಿಡದ್ಲು. ತಾಂಬೂಲ ಬದಲಾಯಿಸಿ ಮಾತು ಕೊಟ್ಟೇನಿ. ಆ ಹುಡುಗೀನೂ ಒಬ್ಬರ ಮಗಳಲ್ಲೇನು? ಹೆಂಗ ತಿರಗಿಸಲಿ?”

ನಿನ್ನೆ ಎಷ್ಟು ಗಂಟೆಗೆ ಎಂದು ಕೇಳಿದೆ. ಸಂಜೆ ಆರಕ್ಕೆ ಎಂದರು. ಆರು ಗಂಟೆಗೆ ನನ್ನ ಕೊರಳಿಗೆ ಹಾರ ಬಿದ್ದಿತ್ತು.

ಬಸ್‌ಸ್ಟ್ಯಾಂಡಿಗೆ ಸುಯಮೀಂದ್ರ ಬಂದ. ಅಂಗಡಿ ಹಾಗೆಯೇ ಬಿಟ್ಟು ಬಂದಿದ್ದ. “ಅವರಿಗೆ ಹೇಳ್ರಿ,” ಎಂದು ಶುರು ಮಾಡಿ, ಬಸ್ಸು ಹೊರಡುವವರೆಗೂ ನಿಂತು, “ಏನೂ ಬ್ಯಾಡ್ರಿ” ಎಂದು ಹೋದ.

ಮನೆಗೆ ಬಂದು ಹೇಳಿದೆ. ಅಕ್ಕ ಅಳಲಿಲ್ಲ, ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಶ್ರೀವಿದ್ಯಾ ಶಾಲೆಯಿಂದ ಬಂದವಳು ಅರ್ಧ ಕೇಳಿ, ಒಳಗೆ ಹೋಗಿ ಸೀರೆ ಬದಲಿಸಿದಳು. ಅಲ್ಲಿಂದ ಮೂರು ದಿನ ನಮ್ಮ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಫಕ್ಕೀರೇಶನಿಗೆ ನಿಜ ಹೇಳಿ ತಿದ್ದುಪಡಿ ಹಾಕು ಎಂದು ಕೈ ಮುಗಿದೆ. ಗುರುವಾರ ಹಾಕಿದ: ‘ವಿಠ್ಠಲ ಅವರಿಗೆ ಸಿಕ್ಕಿದ್ದು ಗ್ರಹವಲ್ಲ, ನೀಹಾರಿಕಾ.’ ಮಧ್ಯಾಹ್ನದೊಳಗೆ ಓಣಿಯ ಮೂವರು ಹೆಂಗಸರು ವೃಂದಾಳ ಹತ್ತಿರ ಬಂದು, ದನಿ ತಗ್ಗಿಸಿ, “ಯಾರ್ರಿ ಅಕೀ?” ಎಂದು ಕೇಳಿ ಹೋದರು. ಬೇರೆ ದಿನವಾಗಿದ್ದರೆ ವೃಂದಾ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅದೇ ಸಂಜೆ ಧೈರ್ಯ ಮಾಡಿ ಹಿಂದಿನ ಭಾಗಕ್ಕೆ ಹೋದೆ. ಶ್ರೀವಿದ್ಯಾ ನೆಲದ ಮೇಲೆ ಕೂತು ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದಳು.

“ನಿನಗ ಹೆಂಗ ಹೇಳ್ಲೆವಾ, ನನ್ನಿಂದ ಭಾಳ ತಪ್ಪಾತು. ಅದು ಗ್ರಹ ಅಲ್ಲ...”

“ಗೊತ್ತದ ಮಾಮಾ,” ಎಂದಳು, ತಲೆ ಎತ್ತದೆ. “ಪೇಪರ್ ಬಂದ ದಿವಸನ ಫೋನಿನೊಳಗ ಓದಿದ್ದೆ. ಗ್ರಹ ಅಲ್ಲ, ಹೆಸರಷ್ಟ ಹಂಗದ ಅಂತ.”

“ಮತ್ತ ಶನಿವಾರ ನೀನರೆ ಯಾಕ ಹೇಳಲಿಲ್ಲ?”

“ನಾ ಹೇಳಿದ್ರ, ಮದವಿ ತಪ್ಪತದಂತ ಸುಳ್ಳು ಹೇಳ್ಲಿಕ್ಕತ್ಯಾಳ ಅಂತಿದ್ರು.” ಒಂದು ಪತ್ರಿಕೆ ಮಗುಚಿ ಇನ್ನೊಂದನ್ನು ತೆಗೆದುಕೊಂಡಳು. “ನಾನು ಬಾಗಲ ಹಿಂದ ನಿಂತಿದ್ದೆ ಮಾಮಾ. ಅವರು ಒಂದೊಂದು ಕೇಳಿದಾಗೂ, ಈಗ ಮಾಮಾ ಹೇಳ್ತಾರ, ಈಗ ಹೇಳ್ತಾರ ಅನಕೋತ ನಿಂತಿದ್ದೆ. ಅವರು ಚಪ್ಪಲಿ ಹಾಕ್ಕೊಳ್ಳೂತನಕಾ ನಿಂತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಕೈಯಲ್ಲಿದ್ದ ಕಟ್ಟು ಮುಗಿದ ಮೇಲೆ ಶ್ರೀವಿದ್ಯಾ ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದಳು.

“ಚಹಾ ಕುಡೀತೀರಿ?” ಎಂದಳು.

“ಬ್ಯಾಡವಾ.”

ಆದರೂ ಮಾಡಿ ತಂದಳು. ನನಗೆ ಬೇಕಾದಷ್ಟೇ ಸಕ್ಕರೆ ಹಾಕಿದ್ದಳು. ಅವಳ ಎದುರಿಗೆ ಕೂತು ಪೂರ್ತಿ ಕುಡಿದೆ.